ಉದ್ದ ತೋಳು, ಗಿಡ್ಡ ತೋಳು

ಫೆಬ್ರವರಿ 3

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಬಿಟ್ಟಿದ್ದಾರೆ. ಇನ್ನು ಮೇಲೆ ಉಸಿರಾಟ ಮೂಗಿನಿಂದಲ್ಲ, ಕತ್ತಿನ ಬುಡದಲ್ಲಿ ಮಾಡಿರುವ ತೂತಿನಿಂದ. ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ.

ಬಾಗಿಲ ಬೀಗ ಎಂದಿನಂತೆ ಸಿಕ್ಕಿಹಾಕಿಕೊಂಡಿತು. "ಎಣ್ಣೆ ಬಿಡಿ ಅಂತ ಎಷ್ಟು ಸಲ ಬಡ್ಕೊಂಡೆ" ಎಂದು ಅಭ್ಯಾಸಬಲದಿಂದ ರೇಗಿದೆ. ರೇಗಿ, ಉತ್ತರಕ್ಕೆ ಕಾದೆ. ನಾನೊಂದು ಅಂದರೆ ತಾವೊಂದು ಅನ್ನದೆ ಬಿಟ್ಟ ಮನುಷ್ಯರಲ್ಲ ಇವರು. ಈಗ ಕೊನೆಯ ಮಾತು ಯಾವಾಗಲೂ ನನ್ನದೇ. ಇಷ್ಟು ವರ್ಷ ಬಯಸಿದ್ದು ಸಿಕ್ಕಿದೆ, ಸಿಕ್ಕಿದ್ದು ಬೇಡವಾಗಿದೆ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ, ಜಗಳವೂ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಯಾರ ಜೊತೆಗಾದರೂ ಆಡಿ ಮುಗಿಸಬೇಕಲ್ಲ.

ಫೆಬ್ರವರಿ 8

ನೋಡಲು ಬರುವವರಿಗೆಲ್ಲ ಒಂದು ಹೊಸ ಕಾಯಿಲೆ ಹತ್ತಿದೆ. ಇವರಿಗೆ ಮಾತು ಹೋಗಿದ್ದರೆ ಅವರು ಇವರನ್ನು ಕಿವಿ ಹೋದವರ ಹಾಗೆ ನಡೆಸಿಕೊಳ್ಳುತ್ತಾರೆ. ಪಕ್ಕದ ಮನೆಯವರು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದು ನಿವೃತ್ತರಾದವರು, ಬೀದಿಯಲ್ಲೆಲ್ಲ ಅವರಿಗೆ ಟೀಸಿ ಎಂದೇ ಹೆಸರು. ಅವರು ಹಾಸಿಗೆಯ ಪಕ್ಕ ಬಗ್ಗಿ, ಪ್ಲಾಟ್‌ಫಾರಂ ತುದಿಯಲ್ಲಿರುವವರನ್ನು ಕರೆಯುವಂತೆ "ಹೇಗಿದ್ದೀರೀ?" ಎಂದು ಕಿರುಚಿದರು. ಇವರು ಬೆಚ್ಚಿಬಿದ್ದು, ಕೆಮ್ಮು ಬಂದು, ಕತ್ತಿನ ಬಟ್ಟೆ ಒದ್ದೆಯಾಗಿ ನಾನು ಬದಲಾಯಿಸಬೇಕಾಯಿತು.

ಇವರು ಬರೆಯಲೆಂದು ಮಗಳು ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ಬೆಳಿಗ್ಗೆ ಇವರು "ರೈಲು ಎಷ್ಟಕ್ಕೆ?" ಎಂದು ಬರೆದು ಅವಳಿಗೆ ತೋರಿಸಿದರು. ನಮ್ಮ ಬುದ್ಧಿವಂತೆ ಸ್ಲೇಟನ್ನು ಇಸಿದುಕೊಂಡು, ಅದನ್ನು ಒರೆಸಿ, "ಸಂಜೆ ಐದಕ್ಕೆ ಅಪ್ಪ" ಎಂದು ಬರೆದು ತೋರಿಸಿದಳು. ಇವರು ಅದರ ಕೆಳಗೆ "ನನಗೆ ಕಿವಿ ಕೇಳುತ್ತೆ ಪುಟ್ಟಿ" ಎಂದು ಬರೆದರು. ಅವಳು ಸ್ನಾನದ ಮನೆಗೆ ಹೋಗಿ ಅತ್ತು ಬಂದಳು. ಅವಳ ರೈಲು ಹೋದ ಮೇಲೆ ಸ್ಲೇಟು ಮಂಚದ ಕೆಳಗೆ ಹೋಯಿತು, ಇನ್ನು ಮೇಲೆ ಬರುವ ಲಕ್ಷಣ ಕಾಣೆ.

ಫೆಬ್ರವರಿ 13

ಸವತಿ ಅಟ್ಟದಿಂದ ಇಳಿದಿದ್ದಾಳೆ.

ಅವಳು ಇವರ ರೇಡಿಯೊ. ಪರೀಕ್ಷೆ ಕಟ್ಟಿ, ಸರ್ಕಾರದ ಪರವಾನಗಿ ಪಡೆದು, ಮನೆಯಲ್ಲೇ ಕೂತು ಊರೂರಿನ, ದೇಶದೇಶದ ಅಪರಿಚಿತರ ಜೊತೆ ಮಾತಾಡುವ ಹವ್ಯಾಸ. ಹೊಸ ಮದುವೆಯಲ್ಲಿ ನಾನು ಒಗ್ಗರಣೆ ಹಾಕುತ್ತಾ ಕರೆದರೆ, ಕಡಲಿನ ಆಚೆಯ ಯಾರಿಗೋ ಇಲ್ಲಿನ ಮೋಡದ ವಿಷಯ ವರದಿ ಒಪ್ಪಿಸುತ್ತಾ "ಒಂದ್ನಿಮಿಷ" ಎಂದು ಕೈ ಎತ್ತುತ್ತಿದ್ದರು. ಆ ಒಂದು ನಿಮಿಷದಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ಹೋದ ವರ್ಷ ಈ ಬಾಡಿಗೆ ಮನೆಗೆ ಬಂದಾಗ ಎಲ್ಲ ಡಬ್ಬ ಸೇರಿತ್ತು. ಬಿಚ್ಚುವ ಹೊತ್ತಿಗೆ ಗಂಟಲು ಕೆಟ್ಟಿತು.

ಇನ್ನು ಬಾಯಿಯಿಲ್ಲದೆ ರೇಡಿಯೊ ಏಕೆ ಎಂದರೆ, ಹಳೆಯ, ಅಂಗೈಯಷ್ಟೇ ಇರುವ ಹಿತ್ತಾಳೆಯ ಸನ್ನೆಕೋಲು ತೋರಿಸಿದರು. ಬೆರಳಲ್ಲಿ ಒತ್ತಿದರೆ ಕುಂಯ್ ಎನ್ನುತ್ತದೆ. ಚುಟುಕಾಗಿ ಒತ್ತಿದರೆ ಚುಕ್ಕೆ, ಉದ್ದಕ್ಕೆ ಒತ್ತಿದರೆ ಗೆರೆ. ಚುಕ್ಕೆ ಗೆರೆ ಸೇರಿ ಇಂಗ್ಲಿಷ್ ಅಕ್ಷರ. ಹಿಂದಿನ ಕಾಲದ ತಂತಿ ಕಚೇರಿಯ ಭಾಷೆ. ತರುಣರಾಗಿದ್ದಾಗ ಇದರಲ್ಲೇ ಮಾತಾಡುತ್ತಿದ್ದರು, ಆಮೇಲೆ ಬಾಯಿಯ ಸುಖ ಹತ್ತಿ ಬಿಟ್ಟಿದ್ದರು. ಈಗ ಬೆಳಿಗ್ಗೆಯಿಂದ ಅಭ್ಯಾಸ. ಈ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ, ಆ ಕೋಣೆಯಲ್ಲಿ ಕುಂಯ್ ಕುಂಯ್. ಶಾಲೆಯ ಸಮವಸ್ತ್ರದ ಕಾಲರುಗಳು ಒಂದೂ ನೆಟ್ಟಗೆ ಬರಲಿಲ್ಲ.

ಫೆಬ್ರವರಿ 17

ಇವತ್ತು ಕಾಗದದ ಮೇಲೆ ಚಿತ್ರ ಬರೆದು ತಂದರು. ಎರಡು ಮರ, ನಡುವೆ ಒಂದು ತಂತಿ, ತಂತಿಯಿಂದ ಕಿಟಕಿಗೆ ಇಳಿಯುವ ಕೇಬಲ್ಲು. ಒಂದು ಮರ ನಮ್ಮ ಹಿತ್ತಲಿನದು, ಇನ್ನೊಂದು ಬೇಲಿಯಾಚೆ ಟೀಸಿಯವರದು. ಇದು ಆಂಟೆನಾ. ಇದಿಲ್ಲದಿದ್ದರೆ ರೇಡಿಯೊ ಬರೀ ತಗಡಿನ ಡಬ್ಬ. ಒಂದೇ ತಂತಿ, ಆದರೆ ಹಗಲಿನ ಅಲೆಗೂ ಆಗುತ್ತದೆ, ಸಂಜೆಯ ಅಲೆಗೂ ಆಗುತ್ತದೆ, ಹತ್ತಿರಕ್ಕೂ ದೂರಕ್ಕೂ ಆಗುತ್ತದಂತೆ. ಬಿಚ್ಚಿ ದೊಡ್ಡದು ಮಾಡಿಕೊಳ್ಳಲು ಒಳಗೆ ಬಟ್ಟೆ ಬಿಟ್ಟು ಹೊಲಿದ ಅಂಗಿ ಅಣ್ಣನಿಗೂ ತಮ್ಮನಿಗೂ ಆಗುವಂತೆ ಎಂದು ಅರ್ಥ ಮಾಡಿಕೊಂಡೆ.

"ಮರ ಹತ್ತೋರು ಯಾರು? ನೀವಾ?" ಎಂದೆ. ಧೂಳು ಕತ್ತಿನ ತೂತಿಗೆ ಹೋಗಬಾರದು, ಭಾರ ಎತ್ತಬಾರದು, ಬಿಸಿಲಿಗೆ ನಿಲ್ಲಬಾರದು. ಇವರು ಬೆರಳನ್ನು ನನ್ನ ಕಡೆ ತಿರುಗಿಸಿದರು. ಅಲ್ಲಾ, ಧೈರ್ಯ ನೋಡಿ! ಸವತಿಗೆ ತೊಟ್ಟಿಲು ಕಟ್ಟುವ ಕೆಲಸ ನನಗೆ! "ಮೊದಲು ಕಿರಣ ಚಿಕಿತ್ಸೆ ಮುಗೀಲಿ, ಆಮೇಲೆ ನೋಡೋಣ" ಎಂದು ಕಾಗದ ಮಡಿಸಿ ಕೊಟ್ಟೆ.

ಫೆಬ್ರವರಿ 24

ಕಿರಣ ಚಿಕಿತ್ಸೆ ಶುರು. ಇನ್ನು ವಾರಗಟ್ಟಲೆ ದಿನಾ ಹೋಗಬೇಕು. ನನ್ನನ್ನು ದಪ್ಪ ಬಾಗಿಲಿನ ಹೊರಗೆ ಕೂರಿಸಿದರು. ಮೇಲೆ ಕೆಂಪು ದೀಪ. ಬಂದಾಗ ಇವರ ಮುಖದ ತುಂಬ ಜಾಲರಿಯ ಅಚ್ಚು, ಗೆಣಸಿನ ಮೂಟೆಯ ಮೇಲೆ ಮಲಗಿ ಎದ್ದವರ ಹಾಗೆ. ನಕ್ಕೆ. ಇವರು ನಗಲಿಲ್ಲ.

ಮಾರ್ಚ್ 2

ಇವರು ಆಸ್ಪತ್ರೆಗೆ ಬರುವುದಿಲ್ಲ ಎನ್ನುತ್ತಾರೆ. ಎನ್ನುವುದೇನು ಬಂತು, ಅಂಗಿಯ ಗುಂಡಿ ಹಾಕಿಕೊಳ್ಳದೆ ಮಂಚದ ಮೇಲೆ ಗೋಡೆ ನೋಡುತ್ತಾ ಕೂತುಬಿಟ್ಟರು. ನಿನ್ನೆಯೂ ಹೀಗೇ. ಏಕೆ ಎಂದು ಕೇಳಿದೆ. ನೋವಾ, ಸುಸ್ತಾ, ಯಾರಾದರೂ ಏನಾದರೂ ಅಂದರಾ? ಸ್ಲೇಟು ಎತ್ತಿ ಕೈಗೆ ಕೊಟ್ಟರೆ ಪಕ್ಕಕ್ಕೆ ಇಟ್ಟರು. ಬೈದೆ. ಬೇಡಿಕೊಂಡೆ. ಮಗಳಿಂದ ಫೋನಿನಲ್ಲಿ ಹೇಳಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಡಾಕ್ಟರಿಗೆ ಫೋನ್ ಮಾಡಿದೆ. "ಎರಡು ವಾರ ಬಿಟ್ರೆ ಇಲ್ಲೀತನಕ ಮಾಡಿದ್ದು ವ್ಯರ್ಥ ಆಗುತ್ತಮ್ಮ. ಅದು ಮತ್ತೆ ಬೆಳೆದ್ರೆ ಆಮೇಲೆ ನನ್ನ ಕೈಲೂ ಏನೂ ಇರಲ್ಲ" ಎಂದರು.

ನನಗೆ ಭಯವಾಗಿದೆ. ಇದನ್ನು ಬೇರೆ ಎಲ್ಲೂ ಹೇಳುವ ಹಾಗಿಲ್ಲ, ಇಲ್ಲಿ ಬರೆಯುತ್ತೇನೆ. ಸಾಯಲು ಹೊರಟವರನ್ನು ಕೈ ಹಿಡಿದು ಎಳೆಯಬಹುದು. ಇವರು ಹೊರಟಿಲ್ಲ, ಸುಮ್ಮನೆ ಕೂತಿದ್ದಾರೆ. ಕೂತವರನ್ನು ಎಲ್ಲಿಂದ ಹಿಡಿದು ಎಳೆಯುವುದು?

ಮಾರ್ಚ್ 3

ಬೇರೆ ದಾರಿ ಕಾಣದೆ ಸವತಿಯ ಕಾಲಿಗೆ ಬಿದ್ದೆ. "ತಂತಿ ಕಟ್ಟಿಕೊಟ್ರೆ ಆಸ್ಪತ್ರೆಗೆ ಬರ್ತೀರಾ?" ಎಂದು ಕೇಳಿದೆ. ಗೋಡೆಯಿಂದ ಮುಖ ತಿರುಗಿಸಿದರು. ತಲೆ ಆಡಿಸಿದರು.

ಆಯಿತು. ಹುಚ್ಚು ಬಿಡುವವರೆಗೆ ಮದುವೆ ಆಗುವುದಿಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡುವುದಿಲ್ಲ. ನಾಳೆಯಿಂದ ಶುರು.

ಮಾರ್ಚ್ 4

ನನ್ನ ಕತ್ತರಿಗೆ ಬೆಂಕಿ ಬೀಳಲಿ.

ಬೆಳಿಗ್ಗೆ ಹಿತ್ತಲಲ್ಲಿ ತಂತಿಯ ಸುರುಳಿ ಬಿಚ್ಚಿ ಉದ್ದಕ್ಕೆ ಹಾಸಿದೆ. ಇವರು ಕಿಟಕಿಯ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಿತ್ರದಲ್ಲಿ ಒಟ್ಟು ಅಳತೆ ಇತ್ತು. ತಂತಿಯನ್ನು ತುಂಡರಿಸಿ ಎರಡು ತೋಳು ಮಾಡಬೇಕು, ನಡುವೆ ಇವರೇ ತಂತಿ ಸುತ್ತಿ ಮಾಡಿದ ಒಂದು ಪುಟ್ಟ ಪೆಟ್ಟಿಗೆ ಬರಬೇಕು ಎಂದೂ ಗೊತ್ತಿತ್ತು. ಅಳತೆ ತೆಗೆಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಒಂದಿಷ್ಟು ಹೆಚ್ಚು ಬಿಟ್ಟೇ ಅಳೆದೆ. ಆಮೇಲೆ, ದರ್ಜಿ ಎಂದ ಮೇಲೆ ಇನ್ನೇನು ಮಾಡುತ್ತಾಳೆ, ಎರಡು ತುದಿ ಸೇರಿಸಿ ಮಡಿಸಿ, ಮಡಿಕೆಗೆ ಸರಿಯಾಗಿ ಕತ್ತರಿ ಇಟ್ಟೆ. ತೋಳು ಎಂದರೆ ಎರಡೂ ಸಮ ಇರಬೇಡವೇ? ಹುಟ್ಟಾ ದರ್ಜಿಯ ಕೈಗೆ ಬೇರೆ ಯೋಚನೆಯೇ ಬರುವುದಿಲ್ಲ.

ಆಗ ಕಿಟಕಿಯ ಸರಳು ಸದ್ದು ಮಾಡಿತು. ಇವರು ಕೈಯಲ್ಲಿದ್ದ ಚಮಚದಿಂದ ಸರಳಿಗೆ ಕುಟ್ಟುತ್ತಿದ್ದಾರೆ, ಗೀರುತ್ತಿದ್ದಾರೆ. "ಬಂದೆ ಇರಿ, ಅವಸರ ಮಾಡ್ಬೇಡಿ" ಎಂದು ಕತ್ತರಿಸಿಯೇಬಿಟ್ಟೆ.

ಸದ್ದು ನಿಂತಿತು. ತಿರುಗಿ ನೋಡಿದರೆ ಇವರು ಹಣೆಯನ್ನು ಸರಳಿಗೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಾರೆ.

ಆಮೇಲೆ ಚಿತ್ರದ ಹಿಂದೆ ಬರೆದು ತೋರಿಸಿದರು, ಈ ತಂತಿಯ ಗುಟ್ಟೇ ತೋಳು ಸಮ ಇಲ್ಲದಿರುವುದಂತೆ. ಒಂದು ತೋಳು ಇನ್ನೊಂದರ ಎರಡರಷ್ಟು. ಹಾಗಿದ್ದರೇ ಒಂದೇ ತಂತಿ ಹಲವು ಅಲೆಗೆ ಒದಗುವುದು. ಸಮ ಮಾಡಿದರೆ ಒಂದು ಅಲೆಗಷ್ಟೇ ಸರಿ. ಚಿತ್ರದಲ್ಲಿ ಪೆಟ್ಟಿಗೆ ಒಂದು ಪಕ್ಕಕ್ಕಿತ್ತು. ಕೈ ತಪ್ಪಿ ಪಕ್ಕಕ್ಕೆ ಬಂದಿದೆ ಎಂದುಕೊಂಡಿದ್ದೆ. ಇವರು ಮಂಚಕ್ಕೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೂ ಏಳಲಿಲ್ಲ. ಬಾಯಿದ್ದಿದ್ದರೆ "ಏಯ್, ನಿಲ್ಲೇ" ಎಂದು ಕೂಗಿರುತ್ತಿದ್ದರು, ನಾನು ನಿಂತಿರುತ್ತಿದ್ದೆ. ಅಷ್ಟೇ ತಾನೇ ಬೇಕಾಗಿದ್ದದ್ದು.

ಮಾರ್ಚ್ 5

ಬೆಳಿಗ್ಗೆ ಗಂಜಿ ಕೊಡುವಾಗ ಕೇಳಿದೆ, "ನಿನ್ನೆ ಸರಳಿಗೆ ಕುಟ್ಟಿದ್ರಲ್ಲ, ಏನದು?" ಇವರು ಚಮಚದಿಂದ ಬಟ್ಟಲಿನ ಅಂಚಿಗೆ ಮತ್ತೆ ಮಾಡಿ ತೋರಿಸಿದರು. ಗೀರು, ಕುಟ್ಟು. ಗೀರು, ಗೀರು, ಗೀರು. ಕುಟ್ಟಿದರೆ ಚುಕ್ಕೆ, ಗೀರಿದರೆ ಗೆರೆ. ಎನ್, ಓ. ನೋ.

ಎರಡೇ ಅಕ್ಷರ. ಅದು ಬಂದಿದ್ದರೆ ತಂತಿ ಉಳಿಯುತ್ತಿತ್ತು. "ಇನ್ಮೇಲೆ ಗೊತ್ತಾಗುತ್ತೆ ಬಿಡಿ" ಎಂದೆ.

ಹರಿದದ್ದಕ್ಕೆ ತೇಪೆ ಹಾಕುವುದು ನನ್ನ ಹೊಟ್ಟೆಪಾಡು. ನಡುವೆ ತುಂಡಾದದ್ದನ್ನು ಮತ್ತೆ ಕೂಡಿಸಿ, ಇವರು ಗುರುತು ಮಾಡಿದ ಜಾಗದಲ್ಲಿ ಬೇರೆ ಕತ್ತರಿಸಿದೆವು. ಎರಡು ತುದಿಗಳನ್ನು ಒಂದಕ್ಕೊಂದು ಬಿಗಿಯಾಗಿ ಸುತ್ತುವುದನ್ನು ಇವರು ನನ್ನ ಕೈ ಮೇಲೆ ಕೈ ಇಟ್ಟು ಮಾಡಿಸಿದರು. ಬೆಸುಗೆಯ ಹೊಗೆ ಇವರಿಗೆ ಆಗದೆಂದು ನಾನೇ ಹೊರಗೆ ಕೂತು ಹಾಕಿದೆ. ಕೈ ಸುಟ್ಟುಕೊಂಡೆ. ಇವರು ಒಳಗಿನಿಂದ ಎನ್ ಓ ಎನ್ ಓ ಎಂದು ಬಡಿದದ್ದೇ ಬಡಿದದ್ದು. ಗಂಟು ದಪ್ಪಗಾಗಿದೆ, ಜಗ್ಗಿದರೆ ಜಗ್ಗುವುದಿಲ್ಲ. ಇನ್ನೇನು ಬೇಕು?

ಮಾರ್ಚ್ 6

ಟೀಸಿಯವರ ಹತ್ತಿರ ಮರ ಕೇಳಲು ಹೋದೆ. "ನನ್ನ ಮರದ ಮೇಲೆ ನಿಮ್ಮ ಮಾತುಕತೆ ಓಡಾಡುತ್ತೆ ಅನ್ನಿ. ಟಿಕೆಟ್ ಇಲ್ದೆ?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ತಮಾಷೆಗಂದೆ ತಾಯಿ. ಬನ್ನಿ, ಏಣಿ ನಾನು ಹಿಡೀತೀನಿ."

ಮರದ ತುದಿಗೆ ಹತ್ತುವ ಅಗತ್ಯವಿಲ್ಲ. ತೆಳುವಾದ ದಾರಕ್ಕೆ ಭಾರ ಕಟ್ಟಿ ಎತ್ತರದ ಕೊಂಬೆಯ ಮೇಲಿಂದ ಎಸೆಯಬೇಕು, ಆಚೆ ಬಿದ್ದ ದಾರಕ್ಕೆ ಹಗ್ಗ ಕಟ್ಟಿ ಎಳೆದುಕೊಳ್ಳಬೇಕು. ಇವರ ಕಾಲುಚೀಲಕ್ಕೆ ಮರಳು ತುಂಬಿ ಬಾಯಿ ಹೊಲಿದೆ. ಮೊದಲ ಸಲ ಎಸೆದದ್ದು ಟೀಸಿಯವರ ನೀರಿನ ತೊಟ್ಟಿಗೆ ಬಿತ್ತು. ಆಮೇಲೆ ಎಸೆದದ್ದು ಟೀಸಿಯವರಿಗೇ ಬಿತ್ತು. "ನಾನು ಕೊಟ್ಟದ್ದು ಮರ ಮಾತ್ರ, ತಲೆ ಅಲ್ಲ!" ಎಂದು ಕಿರುಚಿದರು. ಕಿಟಕಿಯ ಕಡೆ ನೋಡಿದೆ. ಇವರ ಭುಜ ಕುಣಿಯುತ್ತಿತ್ತು. ಸದ್ದಿಲ್ಲದ ನಗು ನೋಡಲು ಹೆದರಿಕೆಯಾಗುತ್ತದೆ, ಆದರೂ ನಗು ನಗುವೇ. ಆಪರೇಷನ್ ಆದ ಮೇಲೆ ಇದೇ ಮೊದಲು.

ಮಾರ್ಚ್ 7

ತಂತಿ ಮೇಲೇರಿತು!

ಮರ ಗಾಳಿಗೆ ತೂಗುತ್ತದೆ, ಬಿಗಿಯಾಗಿ ಕಟ್ಟಿದರೆ ತಂತಿ ಹರಿಯುತ್ತದೆ. ಅದಕ್ಕೇ ಟೀಸಿಯವರ ಮರದಲ್ಲಿ ಕಟ್ಟು ಇಲ್ಲ, ಒಂದು ಪುಟ್ಟ ರಾಟೆ. ರಾಟೆಯಿಂದ ಹಗ್ಗ ಕೆಳಗಿಳಿದು, ತುದಿಗೆ ನೀರು ತುಂಬಿದ ಕ್ಯಾನು ತೂಗುತ್ತದೆ. ಮರ ಬಾಗಿದರೆ ಕ್ಯಾನು ಮೇಲೇರುತ್ತದೆ, ಮರ ನೆಟ್ಟಗಾದರೆ ಇಳಿಯುತ್ತದೆ. ಚಡ್ಡಿಗೆ ಎಲಾಸ್ಟಿಕ್ ಹಾಕುವುದೂ ಇದೇ ಕಾರಣಕ್ಕೆ.

ನಾನು ಹಗ್ಗದ ತುದಿಯಲ್ಲಿ, ಇವರು ಅಷ್ಟು ದೂರದ ಕಿಟಕಿಯಲ್ಲಿ ಮೀಟರು ನೋಡುತ್ತಾ. ಕೂಗುವಂತಿಲ್ಲವಲ್ಲ, ತಟ್ಟೆ ಚಮಚ ಇಟ್ಟುಕೊಂಡಿದ್ದರು. ಎ ಅಂದರೆ ಎಳೆ, ಬಿ ಅಂದರೆ ಬಿಡು ಎಂದು ಮೊದಲೇ ಮಾತಾಗಿತ್ತು. ಕುಟ್ಟು ಗೀರು, ಎಳೆದೆ. ಗೀರು ಕುಟ್ಟು ಕುಟ್ಟು ಕುಟ್ಟು, ಬಿಟ್ಟೆ. ಮತ್ತೆ ಎಳೆದೆ. ಸ್ವಲ್ಪ ತಡಿ, ಕೇಬಲ್ಲು ಕೊಂಬೆಗೆ ಸಿಕ್ಕಿದೆ ಎಂದರು, ಬಿಡಿಸಿದೆ. ಟೀಸಿ ಬಾಯಿಬಿಟ್ಟುಕೊಂಡು ಒಮ್ಮೆ ಕಿಟಕಿ ಒಮ್ಮೆ ನನ್ನನ್ನು ನೋಡುತ್ತಿದ್ದರು. ಆ ಮನುಷ್ಯರಿಗೆ ಎಲ್ಲದರಲ್ಲೂ ಕುತೂಹಲ.

ಸಂಜೆ ಸವತಿ ಬಾಯಿಬಿಟ್ಟಳು. ಮೊದಲು ಹುರಿಯುವ ಸದ್ದು, ಆಮೇಲೆ ದೂರದಿಂದ ಸಣ್ಣಗೆ ಕುಂಯ್ ಕುಂಯ್. ಇವರು ಕೂತ ಭಂಗಿಯೇ ಬದಲಾಯಿತು. ನಾಳೆ ಆಸ್ಪತ್ರೆಗೆ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಿದ್ದೇನೆ.

ಮಾರ್ಚ್ 8

ಹೋಗಲಿಲ್ಲ. ಅಂಗಿ ಹಾಕಿಕೊಂಡರು, ಚಪ್ಪಲಿ ಮೆಟ್ಟಿದರು, ಬಾಗಿಲವರೆಗೆ ಬಂದರು, ಅಲ್ಲೇ ನಿಂತರು. ಹಣೆಯಲ್ಲಿ ಬೆವರು. ವಾಪಸು ಹೋಗಿ ಕೂತರು. ಬಾಗಿಲ ಪಟ್ಟಿಗೆ ಬೆರಳಲ್ಲಿ ನಾಳೆ ಎಂದರು. ನಾಳೆ ಎಂದವನ ಮನೆ ಹಾಳು! ನನ್ನ ಕೈ ಸುಟ್ಟುಕೊಂಡು, ಪರರ ಮರ ಬೇಡಿ, ಇದೇನು ಮಾಡಿದ್ದು ನಾನು? "ನೀವು ಮಾತಿಗೆ ತಪ್ಪಿದ್ರಿ" ಎಂದು ಕೂಗಾಡಿದೆ. ಒಂದು ಸಲ "ಸಾಯಿರಿ ಹಾಗಾದ್ರೆ" ಎಂದುಬಿಟ್ಟೆ.

ಇದನ್ನು ಬರೆಯದೆ ಬಿಡಬಹುದಿತ್ತು.

ಮಾರ್ಚ್ 9

ಬೆಳಗಿನಿಂದ ಇಬ್ಬರೂ ಮುಖ ತಿರುಗಿಸಿಕೊಂಡೇ ಇದ್ದೆವು. ಮಧ್ಯಾಹ್ನ ರೇಡಿಯೊದ ಮೀಟರು ತಾಳ ತಪ್ಪಿತು. ಇವರು ಅದನ್ನು ಇದನ್ನು ತಿರುಗಿಸಿ ಸೋತರು. ಹಿತ್ತಲಿಗೆ ಹೋಗಿ ನೋಡಿದರೆ ಟೀಸಿ ನಮ್ಮ ಕ್ಯಾನಿನ ಹಗ್ಗವನ್ನು ತಮ್ಮ ಕಿಟಕಿಗೆ ಜಗ್ಗಿ ಕಟ್ಟಿ, ಒಗೆದ ಪ್ಯಾಂಟು, ಬನಿಯನ್ನು, ಒಂದು ಕಂಬಳಿ ಒಣಹಾಕಿದ್ದಾರೆ. ತಂತಿ ಬಿಲ್ಲಾಗಿ ಬಗ್ಗಿದೆ. "ಹಗ್ಗ ಸುಮ್ನೆ ಇತ್ತಲ್ಲಾ ತಾಯಿ" ಎನ್ನುತ್ತಾರೆ. ಬಿಚ್ಚಿಸಿ ಬಂದೆ. ಇವರು ಯಾಕೆ ಏನು ಎಂದು ಕೇಳಿದರು, ಹೇಳಿದೆ. ಮಾತು ಬಿಟ್ಟಿದ್ದೆ ಎನ್ನುವುದು ಆಮೇಲೆ ನೆನಪಾಯಿತು.

ಸಂಜೆ ಲೈಟ್‌ಹೌಸ್ ಸಿಕ್ಕಿದ. ಇವನು ಇವರ ಗಾಳಿಯ ಗೆಳೆಯ, ಹಿಂದೆ ದೀಪಸ್ತಂಭದಲ್ಲಿ ಕೆಲಸ ಮಾಡುತ್ತಿದ್ದವನು. ಮುಖ ನೋಡಿಲ್ಲ, ಆದರೂ ನನ್ನನ್ನು ಅತ್ತಿಗೆ ಎನ್ನುತ್ತಾನೆ. ಭಾಷೆ ನಮ್ಮದೇ, ಅಕ್ಷರ ಮಾತ್ರ ಇಂಗ್ಲಿಷಿನದು. ಹೆಡ್‌ಫೋನಿನ ವೈರು ಕತ್ತಿಗೆ ತಾಗುತ್ತದೆಂದು ಇವರು ಸ್ಪೀಕರ್ ಹಾಕಿಕೊಳ್ಳುತ್ತಾರೆ, ಇಬ್ಬರದೂ ಮನೆಯೆಲ್ಲ ಕೇಳುತ್ತದೆ. ನಾನು ಈಚೆ ಕಾಲರು ಹೊಲಿಯುತ್ತಿದ್ದೆ.

ಅತ್ತಿಗೆ ಹೇಗಿದ್ದಾರೆ ಎಂದ. ನನಗಿಂತ ಗಟ್ಟಿ, ನಿನ್ನೆ ಬೈದಳು, ಸರಿಯಾಗೇ ಬೈದಳು ಎಂದರು ಇವರು. ಚಿಕಿತ್ಸೆ ಎಲ್ಲಿಗೆ ಬಂತು ಎಂದ. ಇವರು ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಹೇಳಿದರು. ಮುಖಕ್ಕೆ ಗಟ್ಟಿ ಜಾಲರಿ ಹಾಕಿ ಮೇಜಿಗೆ ಬಿಗಿಯುತ್ತಾರೆ. ಎಲ್ಲರೂ ಹೊರಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಒಂದು ದಿನ ಕತ್ತಿನ ತೂತಿಗೆ ಕಫ ಕಟ್ಟಿತು, ಉಸಿರು ಬರಲಿಲ್ಲ. ಕೂಗಲು ಬಾಯಿಲ್ಲ. ಕೈ ಎತ್ತಿದೆ, ಯಾರೂ ಬರಲಿಲ್ಲ. ಕೈ ಎತ್ತಿಕೊಂಡೇ ಇದ್ದೆ. ಅಲ್ಲೇ ಸತ್ತೆ ಎಂದುಕೊಂಡೆ. ಮನೆಯಲ್ಲಿ ಇವಳಿಗೆ ಹೇಳಿದರೆ ಅವಳು ಹೊರಗೆ ಕೂತು ದಿನಾ ಸಾಯುತ್ತಾಳೆ. ಹೇಳಿಲ್ಲ.

ನಾನು ತುಳಿಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೇಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ದಾರ ಎಲ್ಲಿ ತುಂಡಾಯಿತೋ, ಕಾಲರಿನ ಉದ್ದಕ್ಕೂ ಬರೀ ಸೂಜಿಯ ತೂತು.

ಮಾರ್ಚ್ 10

ಬಟ್ಟೆ ಕೊಟ್ಟು ಬರುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಯಂತ್ರ ನಡೆಸುವ ಹುಡುಗಿ ಒಳ್ಳೆಯವಳು. "ತೊಂದ್ರೆ ಆದ್ರೆ ಕೈ ಎತ್ತಿ ಅಂತ ಹೇಳಿರ್ತೀವಲ್ಲಮ್ಮ" ಎಂದಳು.

"ಎತ್ತಿದ್ರಂತೆ. ಯಾರೂ ನೋಡ್ಲಿಲ್ವಂತೆ."

ಅವಳ ಮುಖ ಸಣ್ಣಗಾಯಿತು. "ಅವತ್ತು ಫೈಲ್ ತಗೊಳ್ಳೋಕೆ ತಿರುಗಿದ್ದೆ. ಒಂದೇ ಗಳಿಗೆ. ನೋಡಿದ ತಕ್ಷಣ ಓಡಿದೆ" ಎಂದಳು. ಅವಳಿಗೆ ಒಂದು ಗಳಿಗೆ. ಒಳಗಿದ್ದವರಿಗೆ ಎಷ್ಟೋ.

ಒಳಗಿನ ಸದ್ದು ಹೊರಗೆ ಕೇಳುವಂತೆ ಮೈಕು ಇದೆ. ಆದರೆ ಸದ್ದು ಮಾಡಲು ಇವರಿಗೆ ಬಾಯಿಯಿಲ್ಲ. "ಬೆರಳಿದೆಯಲ್ಲಮ್ಮ" ಎಂದೆ. ಮೇಜಿನ ಅಂಚಿಗೆ ತಂತಿ ಕಚೇರಿಯ ಭಾಷೆಯಲ್ಲಿ ಕುಟ್ಟಲಿ, ನಾನು ನಿನ್ನ ಪಕ್ಕದಲ್ಲಿ ಕೂತು ಕೇಳುತ್ತೇನೆ. ಅವಳು ಡಾಕ್ಟರನ್ನು ಕೇಳಿ ಬಂದಳು. ತಲೆ, ಭುಜ ಅಲುಗದಿದ್ದರೆ ಆಗಬಹುದಂತೆ.

"ಆ ಭಾಷೆ ನಿಮಗೆ ಬರುತ್ತಾ?" ಎಂದು ಕೇಳಿದಳು.

"ಎಲ್ಲಿ ಬರುತ್ತೆ? ಎನ್, ಓ, ಎ, ಬಿ, ಅಷ್ಟೇ" ಎಂದೆ. ಇದ್ದದ್ದನ್ನು ಇದ್ದಂತೆ ಹೇಳಬೇಕಲ್ಲ. ಉಸಿರು ಕಟ್ಟಿದರೆ ನೋ ಎಂದರೆ ಸಾಕು.

ಮನೆಗೆ ಬಂದು, ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ನನ್ನ ತಗಡಿನ ಟೊಪ್ಪಿಯನ್ನು ಇವರ ಬೆರಳಿಗೆ ತೊಡಿಸಿದೆ. "ನಾಳೆ ಇದನ್ನ ಹಾಕ್ಕೊಂಡು ಮಲಗಿ. ಮೇಜಿಗೆ ಕುಟ್ಟಿದ್ರೆ ಹೊರಗೆ ಕೇಳುತ್ತೆ. ಕೈ ಎತ್ತೋದೂ ಬೇಡ, ಯಾರೂ ನೋಡೋದೂ ಬೇಡ. ನಾನು ಕೇಳ್ತಾ ಕೂತಿರ್ತೀನಿ" ಎಂದೆ.

ಇವರು ನನ್ನನ್ನು ನೋಡಿದರು. ಯಾರು ಹೇಳಿದರು ನಿನಗೆ ಎಂದರು.

"ನನ್ನ ಸವತಿ ಹೇಳಿದ್ಲು" ಎಂದೆ.

ನಾನು ಎದ್ದು ಒಲೆಯ ಕಡೆ ಹೋದೆ. ಹಿಂದಿನಿಂದ ಮಂಚದ ಕಾಲಿಗೆ ಟೊಪ್ಪಿಯ ಸದ್ದು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೇಳಿದ್ದು.

ಮಾರ್ಚ್ 11

ಹೋಗಿ ಬಂದೆವು. ಇವರು ಮಲಗಿದ್ದಾರೆ. ಹೊರಗೆ ಗಾಳಿ ಇದೆ, ಕ್ಯಾನು ಏರಿಳಿಯುತ್ತಿರುವುದು ಇಲ್ಲಿಂದಲೇ ಕಾಣುತ್ತದೆ.

ಇವರನ್ನು ಒಳಗೆ ಮಲಗಿಸಿ ಬಾಗಿಲು ಮುಚ್ಚಿದರು. ನಾನು ಹುಡುಗಿಯ ಪಕ್ಕ ಕೂತೆ. ಮುಂದೆ ಟೀವಿ, ಅದರಲ್ಲಿ ಜಾಲರಿ ಹೊದ್ದ ಇವರ ಮುಖ. ನೋಡಲಾರದೆ ಸ್ಪೀಕರಿನ ಕಡೆಗೇ ಕಿವಿ ಕೊಟ್ಟೆ. ಯಂತ್ರ ಗುಂಯ್ ಎಂದಿತು. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ತಗಡಿನ ಟೊಪ್ಪಿ ಕುಟ್ಟತೊಡಗಿತು, ಗೀರತೊಡಗಿತು. ಹುಡುಗಿಯ ಕೈ ಕೆಂಪು ಗುಂಡಿಗೆ ಹೋಯಿತು.

"ನಿಲ್ಲಿಸ್ಬೇಡಮ್ಮ, ಏನೂ ಆಗಿಲ್ಲ" ಎಂದೆ.

"ಮತ್ತೆ ಅಷ್ಟುದ್ದ ಏನು ಹೇಳ್ತಿದಾರೆ?"

"ಗಾಳಿ ಜೋರಾಗಿದೆ, ಆ ಟೀಸಿ ಮತ್ತೆ ಹಗ್ಗದ ಮೇಲೆ ಕಂಬಳಿ ಹಾಕಿದಾರಾ ನೋಡ್ಕೊಂಡು ಬಂದ್ಯಾ ಅಂತಿದಾರೆ. ಹಿಂದಿನ ಬಾಗಿಲು ಹಾಕಿದ್ಯಾ ಅಂತಾನೂ ಕೇಳ್ತಿದಾರೆ."

ಹುಡುಗಿ ನನ್ನನ್ನೇ ನೋಡುತ್ತಾ ಕೂತಳು. ಇದರಲ್ಲಿ ನೋಡುವುದೇನಿದೆಯೋ. ಇವರ ಬುದ್ಧಿ ಮೊದಲಿನಿಂದಲೂ ಹಾಗೇ, ಮನೆ ಬಿಟ್ಟು ಗಾವುದ ಬಂದ ಮೇಲೆ ಬಾಗಿಲ ನೆನಪು.

ಆಮೇಲೆ ಸದ್ದು ನಿಂತಿತು. ಬಹಳ ಹೊತ್ತು ನಿಂತಿತು ಎನಿಸಿತು. ಮತ್ತೆ ಬಂತು, ಈ ಸಲ ಮೆಲ್ಲಗೆ. ಇದ್ದೀಯಾ?

ಒಳಗೆ ಕೇಳಬೇಕಾದರೆ ಒತ್ತುವ ಗುಂಡಿ ಯಾವುದು ಎಂದು ಹುಡುಗಿಯನ್ನು ಕೇಳಿ, ಅದನ್ನು ಒತ್ತಿ ಹಿಡಿದು, ಇನ್ನೊಂದು ಕೈಯ ಉಗುರಿನಿಂದ ಮೈಕಿಗೆ ಕುಟ್ಟಿ ಗೀರಿ ಹೇಳಿದೆ. ಇದ್ದೀನಿ. ಬಾಗಿಲು ಹಾಕಿದ್ದೀನಿ. ಸುಮ್ಮನೆ ಮಲಗಿ.

ಟೀವಿಯಲ್ಲಿ ಇವರ ಕೈ ಸಡಿಲವಾಗಿ ಮೇಜಿನ ಮೇಲೆ ಅಂಗಾತ ಬಿತ್ತು. ಯಂತ್ರ ಮುಗಿಯುವವರೆಗೂ ಹಾಗೇ ಇತ್ತು.

ಹುಡುಗಿ ಮೆಲ್ಲಗೆ ನನ್ನ ಭುಜ ಮುಟ್ಟಿದಳು. "ಅಮ್ಮಾ, ಆ ಗುಂಡಿ ಒತ್ತಿ ಬಾಯಲ್ಲೇ ಹೇಳ್ಬಹುದಿತ್ತು. ಅವ್ರಿಗೆ ಕಿವಿ ಕೇಳುತ್ತಲ್ಲ."

ಹೌದಲ್ಲ! ಮಗಳನ್ನು, ಟೀಸಿಯವರನ್ನು ಅಷ್ಟು ಆಡಿಕೊಂಡವಳು ನಾನೇ. ಅವಳು ಹೇಳುವವರೆಗೂ ನನಗೆ ಬಾಯಿದೆ ಎಂಬುದೇ ಹೊಳೆದಿರಲಿಲ್ಲ.